ಪೋಸ್ಟ್‌ಡಾಕ್: ಪ್ರಶ್ನೆ ಯಾರದ್ದು, ಕೈ ಯಾರದ್ದು?

ಕೆಲವು ವರ್ಷಗಳ ಹಿಂದೆ ಮತ್ತಿಕೆರೆಯ ಒಂದು ಬ್ಯಾಂಕಿನಲ್ಲಿ ಸ್ಕೂಟರ್ ಸಾಲಕ್ಕೆ ಅರ್ಜಿ ತುಂಬುತ್ತಾ ಕೂತಿದ್ದೆ. 'ಉದ್ಯೋಗ' ಅನ್ನುವ ಕಡೆ 'ಪೋಸ್ಟ್‌ಡಾಕ್' ಅಂತ ಬರೆದೆ. ಕೌಂಟರಿನಲ್ಲಿದ್ದವರು ಕನ್ನಡಕ ಮೇಲೇರಿಸಿ ಓದಿದರು. "ಅಂಚೆ ಇಲಾಖೆನಾ ಮೇಡಂ?" ಅಂದರು. ಅವರದ್ದೇನೂ ತಪ್ಪಿಲ್ಲ. ಪೋಸ್ಟ್ ಅಂದರೂ ಅಂಚೆ, ಡಾಕ್ ಅಂದರೂ ಅಂಚೆ.

"ಅಲ್ಲ ಸರ್, ಸಂಶೋಧನೆ."

"ಓ, ಸ್ಟೂಡೆಂಟು."

"ಇಲ್ಲ, ಪಿಎಚ್‌ಡಿ ಮುಗೀತು."

"ಹಾಗಾದ್ರೆ ಎಂಪ್ಲಾಯಿ. ಸ್ಯಾಲರಿ ಸ್ಲಿಪ್ ಕೊಡಿ."

"ಸ್ಯಾಲರಿ ಅಲ್ಲ ಸರ್, ಫೆಲೋಶಿಪ್."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ 'ಇತರೆ' ಅನ್ನುವ ಚೌಕಕ್ಕೆ ತಾವೇ ಟಿಕ್ ಹಾಕಿದರು. ಸಾಲ ಸಿಗಲಿಲ್ಲ, ಅದು ಬೇರೆ ಮಾತು.

ಬೆಂಗಳೂರಿನಲ್ಲಿ ಈ 'ಇತರೆ' ಚೌಕದವರು ಕಡಿಮೆಯೇನಿಲ್ಲ. ಯಶವಂತಪುರದ ಪಕ್ಕದಲ್ಲಿ ಐಐಎಸ್‌ಸಿ, ಜಿಕೆವಿಕೆ ಆವರಣದಲ್ಲಿ ಜೀವಶಾಸ್ತ್ರದ ಎನ್‌ಸಿಬಿಎಸ್, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಕೇಂದ್ರ, ಮೇಖ್ರಿ ಸರ್ಕಲ್ ಹತ್ತಿರ ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆ ಸೈದ್ಧಾಂತಿಕ ವಿಜ್ಞಾನದ ಐಸಿಟಿಎಸ್, ಕೋರಮಂಗಲದಲ್ಲಿ ಖಗೋಳ ವಿಜ್ಞಾನಿಗಳ ಸಂಸ್ಥೆ. ಇಷ್ಟೂ ಕಡೆ ರಾತ್ರಿ ಹತ್ತಾದರೂ ದೀಪ ಉರಿಯುತ್ತಿದ್ದರೆ, ಅಲ್ಲಿ ಕೂತವರಲ್ಲಿ ಪೋಸ್ಟ್‌ಡಾಕ್‌ಗಳೂ ಇರುತ್ತಾರೆ. ಮನೆಯಲ್ಲಿ "ಡಾಕ್ಟರೇಟ್ ಆದಮೇಲೂ ಇನ್ನೇನು ಓದೋದು?" ಅಂತ ಕೇಳಿದಾಗ ನಾವು ಕೊಡುವ ಉತ್ತರ ದಿನಕ್ಕೊಂದು ಥರ ಇರುತ್ತದೆ. ಉತ್ತರ ನಮಗೇ ಸರಿಯಾಗಿ ಗೊತ್ತಿಲ್ಲ ಅನ್ನೋದೇ ಅದಕ್ಕೆ ಕಾರಣ.

ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಮುಗಿದು ಖಾಯಂ ಕೆಲಸ ಸಿಗುವ ತನಕ ಇನ್ನೊಬ್ಬರ ಲ್ಯಾಬಿನಲ್ಲಿ ಕಳೆಯುವ ಎರಡು, ಮೂರು, ಕೆಲವೊಮ್ಮೆ ಆರು ವರ್ಷ. ಪಿಎಚ್‌ಡಿಯಲ್ಲಿ ಪ್ರಶ್ನೆ ಬಹುಪಾಲು ಗೈಡ್‌ದು, ಬಿಡಿಸುವುದು ನಾವು. ಮುಂದೆ ನಮ್ಮದೇ ಲ್ಯಾಬ್ ಆದಾಗ ಪ್ರಶ್ನೆ ನಮ್ಮದು, ಬಿಡಿಸುವವರು ವಿದ್ಯಾರ್ಥಿಗಳು. ಈ ಎರಡರ ನಡುವೆ ಒಂದು ಕಾಲ ಬೇಕು. ಸ್ವಂತ ಪ್ರಶ್ನೆ ಹುಡುಕಿಕೊಳ್ಳಲು, ಅದರ ಬೆನ್ನು ಹತ್ತಲು ಹೊಸ ಕಸುಬು ಕಲಿಯಲು. ಪೋಸ್ಟ್‌ಡಾಕ್ ಹುಟ್ಟಿದ್ದು ಇದಕ್ಕೆ. ಅದರ ಉಪಯೋಗ ಇದೊಂದೇ ಅಂತ ನಾನು ನಂಬಿದ್ದೇನೆ. ಉಳಿದದ್ದೆಲ್ಲ ಆಮೇಲೆ ಅಂಟಿಕೊಂಡದ್ದು.

ಕಲ್ಪನೆ ಹಳೆಯದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 1876ರಲ್ಲಿ ಶುರುವಾದಾಗಲೇ ಪಿಎಚ್‌ಡಿ ಆದವರಿಗೂ ಫೆಲೋಶಿಪ್ ಇಟ್ಟಿತ್ತು. 1919ರಲ್ಲಿ ಅಲ್ಲಿನ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ರಾಕ್‌ಫೆಲ್ಲರ್ ದುಡ್ಡಿನಲ್ಲಿ ಭೌತ, ರಸಾಯನ ವಿಜ್ಞಾನದವರಿಗೆ ಇದನ್ನೇ ದೊಡ್ಡದಾಗಿ ಮಾಡಿತು. ಕ್ಲಾಸಿಲ್ಲ, ಪರೀಕ್ಷೆ ಪೇಪರ್ ತಿದ್ದುವ ಕೆಲಸವಿಲ್ಲ, ಸುಮ್ನೆ ಸಂಶೋಧನೆ ಮಾಡಿಕೊಂಡಿರಿ ಅನ್ನುವ ಏರ್ಪಾಟು. ಜೇಮ್ಸ್ ವಾಟ್ಸನ್ ಅವರದ್ದನ್ನೇ ನೋಡಿ. ಅವರ ಫೆಲೋಶಿಪ್ ಇದ್ದದ್ದು ಕೋಪನ್‌ಹೇಗನ್‌ನಲ್ಲಿ ಜೀವರಸಾಯನ ಕಲಿಯಲು. ಅಲ್ಲಿ ಮನಸ್ಸು ನಿಲ್ಲಲಿಲ್ಲ. 1951ರಲ್ಲಿ, 23ನೇ ವಯಸ್ಸಿನಲ್ಲಿ, ಗಂಟುಮೂಟೆ ಕಟ್ಟಿಕೊಂಡು ಕೇಂಬ್ರಿಜ್‌ಗೆ ಹೋದರು. ಫೆಲೋಶಿಪ್ ಕೊಟ್ಟವರು ಮುನಿಸಿಕೊಂಡರು. ಎರಡು ವರ್ಷದಲ್ಲಿ ಡಿಎನ್‌ಎ ರಚನೆ ಬಂತು. ಜೊತೆಗಿದ್ದ ಕ್ರಿಕ್ ಅವರದ್ದು ಆಗಿನ್ನೂ ಪಿಎಚ್‌ಡಿಯೇ ಮುಗಿದಿರಲಿಲ್ಲ. ಎಲ್ಲರೂ ಹೀಗೆ ಮಾಡಿದರೆ ಎಲ್ಲರಿಗೂ ನೊಬೆಲ್ ಬರುತ್ತದೆ ಅಂತಲ್ಲ. ದಾರಿ ತಪ್ಪಲು ಅವರಿಗೆ ಜಾಗವಿತ್ತು, ನಾನು ಹೇಳುವುದು ಅಷ್ಟೇ.

ನಮಗೆ ಹತ್ತಿರದ ಉದಾಹರಣೆ ಜೀವವಿಜ್ಞಾನಿ ಒಬೈದ್ ಸಿದ್ದೀಕಿ. ಗ್ಲಾಸ್ಗೋದಲ್ಲಿ ಪಿಎಚ್‌ಡಿ ಮುಗಿಸಿ ಅಮೆರಿಕಕ್ಕೆ ಪೋಸ್ಟ್‌ಡಾಕ್ ಹೋದರು. ಅಲ್ಲಿ ಬ್ಯಾಕ್ಟೀರಿಯಾ ಜೀನ್‌ಗಳ ಮೇಲೆ ಮುಖ್ಯವಾದ ಕೆಲಸ ಮಾಡಿದರು. 1962ರಲ್ಲಿ ಹೋಮಿ ಭಾಭಾ ಕರೆದರು, ಮುಂಬೈಗೆ ಬಂದು ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಅಣುಜೀವಶಾಸ್ತ್ರದ ವಿಭಾಗ ಕಟ್ಟಿದರು. ಆಮೇಲೆ ಬ್ಯಾಕ್ಟೀರಿಯಾ ಬಿಟ್ಟು ಹಣ್ಣಿನ ನೊಣದ ಹಿಂದೆ ಬಿದ್ದರು. ನೊಣಕ್ಕೆ ವಾಸನೆ, ರುಚಿ ಹೇಗೆ ಗೊತ್ತಾಗುತ್ತದೆ ಅನ್ನೋದು ಅವರ ಪ್ರಶ್ನೆಯಾಯಿತು. ಆ ದಾರಿ ಬಂದು ಮುಟ್ಟಿದ್ದು ಬೆಂಗಳೂರಿನ ಎನ್‌ಸಿಬಿಎಸ್‌ಗೆ. ಇವತ್ತೂ ಅಲ್ಲಿ ನೊಣ ಸಾಕುವ ಕೋಣೆಗಳಿವೆ.

ಇನ್ನೊಂದು ಲೆಕ್ಕ. ಬಸವನಗುಡಿಯ ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರು 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದರು. ಬರ್ಕ್ಲಿಯಲ್ಲಿ ಸ್ವಲ್ಪ ಕಾಲ ಪೋಸ್ಟ್‌ಡಾಕ್. 1959ರಲ್ಲಿ ಐಐಎಸ್‌ಸಿಯಲ್ಲಿ ಲೆಕ್ಚರರ್. ಆಗ ಅವರಿಗೆ 25. ಈಗ 25ಕ್ಕೆ ನಮ್ಮ ಹುಡುಗರು ಪಿಎಚ್‌ಡಿಯ ಮೊದಲ ಕಮಿಟಿ ಮುಂದೆ ನಡುಗುತ್ತಾ ನಿಂತಿರುತ್ತಾರೆ.

ಮಧ್ಯೆ ಏನಾಯಿತು? ಕೂಡಿ ಕಳೆಯುವ ಲೆಕ್ಕ ಸಾಕು. ಒಬ್ಬ ಗೈಡ್ ಮೂವತ್ತು ವರ್ಷದಲ್ಲಿ ಹದಿನೈದು ಜನಕ್ಕೆ ಪಿಎಚ್‌ಡಿ ಮಾಡಿಸಿದರು ಅಂತಿಟ್ಟುಕೊಳ್ಳಿ. ಅವರು ರಿಟೈರ್ ಆದಾಗ ಖಾಲಿಯಾಗುವುದು ಒಂದು ಕುರ್ಚಿ. ಹೊಸ ಸಂಸ್ಥೆಗಳು ಹುಟ್ಟುತ್ತಿದ್ದಷ್ಟು ದಿನ ಉಳಿದ ಹದಿನಾಲ್ಕು ಜನಕ್ಕೆ ಎಲ್ಲೋ ಜಾಗ ಸಿಗುತ್ತಿತ್ತು. ಆ ವೇಗ ಕಡಿಮೆಯಾದ ಮೇಲೆ ಜನ ನಿಲ್ಲುವುದೆಲ್ಲಿ? ಪೋಸ್ಟ್‌ಡಾಕ್‌ನಲ್ಲಿ. ಮುಂದಿನ ಗೇಟ್ ತೆರೆಯದಿದ್ದರೆ ಮೆಜೆಸ್ಟಿಕ್ ಪ್ಲಾಟ್‌ಫಾರಂ ತುಂಬಿಕೊಳ್ಳುವ ಹಾಗೆ. ಭಾರತ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ 0.64% ಅನ್ನೋದು 2020-21ರ ಸರ್ಕಾರಿ ಅಂಕಿ. ಹಾಗಾಗಿ ಗೇಟು ತಾನಾಗಿ ಅಗಲವಾಗುವ ಲಕ್ಷಣವೂ ಇಲ್ಲ.

ಹೀಗೆ ನಿಂತವರು ಸುಮ್ಮನೆ ನಿಂತಿರುವುದಿಲ್ಲ, ಕೆಲಸ ಮಾಡುತ್ತಾರೆ. ಅದೂ ಚೆನ್ನಾಗಿ ಮಾಡುತ್ತಾರೆ. ತರಬೇತಿ ಆಗಲೇ ಆಗಿದೆ. ಹೊಸ ವಿದ್ಯಾರ್ಥಿಗೆ ಪಿಪೆಟ್ ಹಿಡಿಯೋದು ಹೇಳಿಕೊಡಲು, ಕೆಟ್ಟ ಮೈಕ್ರೋಸ್ಕೋಪಿನವರಿಗೆ ಫೋನ್ ಮಾಡಲು, ಗೈಡ್ ದೆಹಲಿ ಮೀಟಿಂಗ್‌ನಲ್ಲಿದ್ದಾಗ ಲ್ಯಾಬ್ ಮೀಟಿಂಗ್ ನಡೆಸಲು, ಗ್ರ್ಯಾಂಟ್ ಅರ್ಜಿಯ ಮೊದಲ ಕರಡು ಬರೆಯಲು, ಪೇಪರಿಗೆ ರಿವ್ಯೂವರ್ ಕೇಳಿದ ಹನ್ನೊಂದು ಪ್ರಶ್ನೆಗೆ ಉತ್ತರ ಹೊಂದಿಸಲು ಇವರೇ ಬೇಕು. ಲ್ಯಾಬಿಗೆ ಇದಕ್ಕಿಂತ ಲಾಭದ ವ್ಯವಹಾರ ಇಲ್ಲ. ಯಾರೂ ಕೆಟ್ಟವರಲ್ಲ ಇಲ್ಲಿ. ಆದರೆ ಮೂರು ವರ್ಷ ಬೇರೆಯವರ ಪ್ರಶ್ನೆಗೆ ಕೈಯಾಗಿದ್ದು, ಕೊನೆಗೆ ಇಂಟರ್‌ವ್ಯೂನಲ್ಲಿ "ನಿಮ್ಮ ಸ್ವಂತದ ಪ್ರಶ್ನೆ ಏನು?" ಅಂತ ಕೇಳಿದಾಗ ತಡವರಿಸಿದವರನ್ನು ನಾನು ನೋಡಿದ್ದೇನೆ. ನಾನೇ ತಡವರಿಸಿದ್ದೇನೆ.

ಎಲ್ಲ ವಿಷಯದಲ್ಲೂ ಹೀಗಿಲ್ಲ, ಹೇಳಿಬಿಡಬೇಕು. ಗಣಿತ, ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಪೋಸ್ಟ್‌ಡಾಕ್ ಬಹಳ ಮಟ್ಟಿಗೆ ಸ್ವತಂತ್ರರು. ಬೋರ್ಡು, ಲ್ಯಾಪ್‌ಟಾಪು, ಓಡಾಡಲು ದುಡ್ಡು ಇದ್ದರೆ ಆಯಿತು. ಎಂಜಿನಿಯರಿಂಗ್‌ನಲ್ಲಿ ಎಷ್ಟೋ ಜನ ಪಿಎಚ್‌ಡಿಯಿಂದ ನೇರ ಕಂಪನಿಗೋ ಕಾಲೇಜಿಗೋ ಹೋಗುತ್ತಾರೆ. ಸಿಕ್ಕಿಕೊಳ್ಳುವುದು ಜಾಸ್ತಿ ಜೀವಶಾಸ್ತ್ರದವರು, ಆಮೇಲೆ ರಸಾಯನಶಾಸ್ತ್ರದವರು. ನಾನು ಜೀವಶಾಸ್ತ್ರದವಳು, ಹಾಗಾಗಿ ನನ್ನ ದೂರು ಸ್ವಲ್ಪ ಜೋರಾಗಿ ಕೇಳಿಸಬಹುದು.

ಬೆಂಗಳೂರಿನ ಎರಡು ವರ್ಷ ಮತ್ತು ಬಾಸ್ಟನ್ನಿನ ಎರಡು ವರ್ಷ ಒಂದೇ ಅಲ್ಲ. ಇದನ್ನು ಲ್ಯಾಬಿನ ಹೊರಗಿನವರಿಗೆ ಅರ್ಥ ಮಾಡಿಸೋದು ಕಷ್ಟ. ಒಂದು ಶೀಶೆಯ ಕಥೆ ಹೇಳುತ್ತೇನೆ.

ನನ್ನ ಒಂದು ಪ್ರಯೋಗಕ್ಕೆ ವಿದೇಶದಿಂದ ಒಂದು ಆಂಟಿಬಾಡಿ ಬರಬೇಕಿತ್ತು. ಜೀವಕೋಶದಲ್ಲಿ ಬೇಕಾದ ಪ್ರೋಟೀನನ್ನು ಹುಡುಕಿ ಅಂಟಿಕೊಳ್ಳುವ ವಸ್ತು ಅದು. ನೂರು ಮೈಕ್ರೋಲೀಟರ್, ಅಂದರೆ ಎರಡು ಹನಿ. ಬೆಲೆ ಹತ್ತಿರ ಹತ್ತಿರ 40,000 ರೂಪಾಯಿ. ಡ್ರೈ ಐಸ್ ತುಂಬಿದ ಥರ್ಮೋಕೋಲ್ ಡಬ್ಬಿಯಲ್ಲಿ ಬರುತ್ತದೆ. ವಿಮಾನ ಇಳಿಯಿತು, ಡಬ್ಬಿ ಕಾರ್ಗೋದಲ್ಲಿ ಕಸ್ಟಮ್ಸ್‌ನವರ ಹತ್ತಿರ ನಿಂತಿತು. ಯಾವುದೋ ಒಂದು ಪತ್ರದಲ್ಲಿ ಸೀಲ್ ಇರಲಿಲ್ಲವಂತೆ. ಸೀಲ್ ಹಾಕುವವರು ರಜೆಯಲ್ಲಿದ್ದರು. ಶುಕ್ರವಾರ ಬಂದದ್ದು ಮುಂದಿನ ಗುರುವಾರ ಕೈಗೆ ಸಿಕ್ಕಿತು. ಡಬ್ಬಿ ತೆಗೆದಾಗ ಹೊಗೆ ಬರಬೇಕು, ಬೆರಳು ಸುಡುವಷ್ಟು ತಣ್ಣಗಿರಬೇಕು. ಹೊಗೆ ಇರಲಿಲ್ಲ. ತಳದಲ್ಲಿ ಶೀಶೆ ಬೆವರುತ್ತಾ ಮಲಗಿತ್ತು.

ಎಸೆಯಲು ಮನಸ್ಸು ಬರಲಿಲ್ಲ. ಪ್ರಯೋಗ ಮಾಡಿದೆ. ಏನೂ ಕಾಣಲಿಲ್ಲ. ಇನ್ನೊಮ್ಮೆ ಮಾಡಿದೆ. ಆಗಲೂ ಇಲ್ಲ. ಆಂಟಿಬಾಡಿ ಕೆಟ್ಟಿದೆಯೋ, ನನ್ನ ಊಹೆಯೇ ತಪ್ಪೋ? ಅದು ಗೊತ್ತಾಗದೆ ಆರು ವಾರ ಹೋಯಿತು. ಹೊಸದು ತರಿಸಲು ಮತ್ತೆ ಮೂರು ಕೊಟೇಶನ್, ಪರ್ಚೇಸ್ ಕಮಿಟಿ, ಮೂರು ಸಹಿ. ಎಲ್ಲ ಸೇರಿ ನಾಲ್ಕು ತಿಂಗಳು. ಹೊಸ ಶೀಶೆಯಲ್ಲಿ ಮೊದಲ ದಿನವೇ ಉತ್ತರ ಬಂತು. ನನ್ನ ಊಹೆಯೇ ತಪ್ಪಾಗಿತ್ತು. ಬೇಜಾರಿಲ್ಲ, ಅದೂ ಉತ್ತರವೇ. ಆದರೆ ನನ್ನ ಫೆಲೋಶಿಪ್ ಇದ್ದದ್ದು ಎರಡು ವರ್ಷಕ್ಕೆ. ಒಂದು 'ಇಲ್ಲ' ಕೇಳಿಸಿಕೊಳ್ಳಲು ಅದರಲ್ಲಿ ಆರನೇ ಒಂದು ಭಾಗ ಹೋಯಿತು.

ದುಡ್ಡಿನ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ಕೇಂದ್ರ ಸರ್ಕಾರದ ವಿಜ್ಞಾನ ಅನುದಾನ ಮಂಡಳಿ ಎಸ್‌ಇಆರ್‌ಬಿ ಕೊಡುತ್ತಿದ್ದ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್‌ನಲ್ಲಿ ತಿಂಗಳಿಗೆ 55,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ, ಪ್ರಯೋಗದ ಖರ್ಚಿಗೆ ವರ್ಷಕ್ಕೆ 2 ಲಕ್ಷ ಇರುತ್ತಿತ್ತು. ನನ್ನ ಶೀಶೆಯಂಥವು ಐದು ಕೊಂಡರೆ ಆ 2 ಲಕ್ಷ ಮುಗಿಯಿತು. ಉಳಿದದ್ದಕ್ಕೆ ಗೈಡ್ ಗ್ರ್ಯಾಂಟೇ ಗತಿ. ಗ್ರ್ಯಾಂಟ್ ಯಾರದ್ದೋ ಪ್ರಶ್ನೆ ಅವರದ್ದು. ನಮ್ಮದೇ ಪ್ರಶ್ನೆ ಕೇಳುವ ಸ್ವಾತಂತ್ರ್ಯ ಇಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಪ್ರಾಜೆಕ್ಟ್‌ಗಳಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿ ಸೇರಿದವರಿಗೆ 2019ರಿಂದ ತಿಂಗಳಿಗೆ 47,000 ಇತ್ತು, 2023ರಲ್ಲಿ 58,000 ಆಯಿತು. ಇದು ಮೊದಲ ಹಂತದ್ದು, ಭತ್ಯೆ ಬೇರೆ. 2019ರ ಏರಿಕೆಗೂ ಮುಂಚೆ ದೇಶದ ತುಂಬ ಸಂಶೋಧಕರು ಬೀದಿಗಿಳಿದಿದ್ದರು. ಸುಮ್ನೆ ಬಂದದ್ದಲ್ಲ. ನಡುವಿನ ನಾಲ್ಕು ವರ್ಷದಲ್ಲಿ ಮಲ್ಲೇಶ್ವರದ ಬಾಡಿಗೆ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ ಅಲ್ವಾ. ಅದೇ ಐಐಟಿ, ಐಐಎಸ್‌ಸಿ ಥರದ ಕಡೆ ಅಸಿಸ್ಟೆಂಟ್ ಪ್ರೊಫೆಸರ್ ಆದ ದಿನ ಮೂಲ ವೇತನವೇ 1,01,500. ಸಂಬಳ ಕಡಿಮೆ ಅನ್ನೋದಕ್ಕಿಂತ, ಯಾವಾಗ ಬರುತ್ತದೆ ಅನ್ನೋದೇ ದೊಡ್ಡ ತಲೆನೋವು. ಒಂದು ಸಲ ನನಗೆ ನಾಲ್ಕು ತಿಂಗಳ ಫೆಲೋಶಿಪ್ ಒಟ್ಟಿಗೆ ಬಂತು. ಬಂದ ದಿನ ಶ್ರೀಮಂತಳ ಥರ ಅನಿಸಿತು. ಅದರ ಹಿಂದಿನ ನಾಲ್ಕು ತಿಂಗಳು ಮನೆ ಓನರ್ ಆಂಟಿ ಕಣ್ಣಿಗೆ ಬೀಳದ ಹಾಗೆ ಮೆಟ್ಟಿಲು ಹತ್ತುತ್ತಿದ್ದೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಹಾಸ್ಟೆಲ್ ಕೇಳಿದರೆ ನೀವು ವಿದ್ಯಾರ್ಥಿಯಲ್ಲ, ಕ್ವಾರ್ಟರ್ಸ್ ಕೇಳಿದರೆ ನೀವು ನೌಕರರಲ್ಲ.

ಇನ್ನೂ ಒಂದು ಮಾತಿದೆ. ಅದನ್ನು ಕ್ಯಾಂಟೀನಿನಲ್ಲಿ ಎಲ್ಲರೂ ಆಡುತ್ತಾರೆ, ಸೆಮಿನಾರ್ ಹಾಲಿನಲ್ಲಿ ಯಾರೂ ಆಡುವುದಿಲ್ಲ. ನಮ್ಮ ದೊಡ್ಡ ಸಂಸ್ಥೆಗಳ ವೆಬ್‌ಸೈಟಿಗೆ ಹೋಗಿ, ಹೊಸದಾಗಿ ಸೇರಿದ ಪ್ರೊಫೆಸರ್‌ಗಳ ಬಯೋಡೇಟಾ ನೋಡಿ. ಜೀವಶಾಸ್ತ್ರದಲ್ಲಂತೂ ಪೋಸ್ಟ್‌ಡಾಕ್ ಅನ್ನುವ ಸಾಲಿನ ಮುಂದೆ ಬಹುಪಾಲು ವಿದೇಶದ ಊರೇ ಇರುತ್ತದೆ. ಅಂದರೆ ನಮ್ಮ ಲ್ಯಾಬ್‌ಗಳು ಇಲ್ಲಿನ ಪೋಸ್ಟ್‌ಡಾಕ್‌ಗಳ ಕೈಯಲ್ಲಿ ಕೆಲಸ ಮಾಡಿಸಿಕೊಳ್ಳುತ್ತವೆ, ಕುರ್ಚಿ ಕೊಡುವಾಗ ಅಲ್ಲಿಂದ ಬಂದವರನ್ನು ಕೂರಿಸುತ್ತವೆ. ಹೊರಗೆ ಹೋಗಿ ಕಲಿತು ಬರುವುದು ಒಳ್ಳೆಯದೇ. ಆದರೆ ತಾನೇ ಬೆಲೆ ಕೊಡದ ಅನುಭವವನ್ನು ಒಂದು ಸಂಸ್ಥೆ 'ತರಬೇತಿ' ಅಂತ ಕರೆಯುವುದು ಹೇಗೆ? ಅಂಗಡಿಯವನು ತನ್ನ ಅಂಗಡಿಯ ಅಕ್ಕಿ ತಾನೇ ಉಣ್ಣದಿದ್ದರೆ ಗಿರಾಕಿಗೆ ಅನುಮಾನ ಬರುವುದಿಲ್ಲವಾ?

ಈ ಏರ್ಪಾಟು ಇಷ್ಟು ದಿನ ನಡೆದದ್ದು ಹೊರಗಿನ ಬಾಗಿಲು ತೆರೆದಿತ್ತು ಅಂತ. ಈಗ ಅದೂ ಕಿರಿದಾಗುತ್ತಿದೆ. 2025ರಲ್ಲಿ ಅಮೆರಿಕದಲ್ಲಿ ಎಷ್ಟೋ ಸಂಶೋಧನಾ ಗ್ರ್ಯಾಂಟ್‌ಗಳು ಮಧ್ಯದಲ್ಲೇ ರದ್ದಾದವು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಪೋಸ್ಟ್‌ಡಾಕ್‌ಗಳು ಎಷ್ಟೋ ಜನ ಹೋಗುವುದು ಜೆ-1 ಅನ್ನುವ ಬೇರೆ ವೀಸಾದಲ್ಲಿ, ಹಾಗಾಗಿ ಆ ಪೆಟ್ಟು ಎಲ್ಲರಿಗೂ ನೇರವಾಗಿ ಬೀಳುವುದಿಲ್ಲ. ಆದರೆ ಕರೆಯುವ ಲ್ಯಾಬಿನಲ್ಲೇ ದುಡ್ಡಿಲ್ಲದಿದ್ದರೆ ವೀಸಾ ಇದ್ದೇನು? ಅಲ್ಲಿನವರೂ ಸುಖವಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ಗೆ ಸಲಹೆ ಕೊಟ್ಟ ತಂಡವೊಂದು ಪೋಸ್ಟ್‌ಡಾಕ್‌ಗಳಿಗೆ ವರ್ಷಕ್ಕೆ ಕನಿಷ್ಠ 70,000 ಡಾಲರ್ ಕೊಡಿ, ಐದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ ಅಂದಿತ್ತು. ಮುಂದಿನ ವರ್ಷ ಎನ್‌ಐಎಚ್ ನಿಗದಿ ಮಾಡಿದ ಆರಂಭದ ಮೊತ್ತ 61,008 ಡಾಲರ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪೋಸ್ಟ್‌ಡಾಕ್‌ಗಳಂತೂ 2022ರ ನವೆಂಬರ್‌ನಲ್ಲಿ ಮುಷ್ಕರಕ್ಕೇ ಕೂತಿದ್ದರು. ಅವರಿಗೆ ಯೂನಿಯನ್ ಇದೆ. ನಮಗೆ ವಾಟ್ಸಾಪ್ ಗ್ರೂಪ್ ಇದೆ.

ವಯಸ್ಸಿನ ಗಡಿಯಾರ ಬೇರೆ. 23ಕ್ಕೆ ಎಂಎಸ್ಸಿ, ಆರು ವರ್ಷ ಪಿಎಚ್‌ಡಿ, ಡಿಗ್ರಿ ಕೈಗೆ ಬರುವಾಗ 29–30. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್ ಒಳ್ಳೆಯ ಯೋಜನೆ: ಐದು ವರ್ಷ, ತಿಂಗಳಿಗೆ 1,25,000, ವರ್ಷಕ್ಕೆ 7 ಲಕ್ಷ ಸಂಶೋಧನೆಯ ಹಣ, ಪ್ರಶ್ನೆಯೂ ನಮ್ಮದೇ. ಆದರೆ ವಯೋಮಿತಿ ಸಾಮಾನ್ಯವಾಗಿ 32, ಮಹಿಳೆಯರು ಮತ್ತು ಪರಿಶಿಷ್ಟರಿಗೆ 35. ಎಷ್ಟೋ ಪ್ರೊಫೆಸರ್ ಹುದ್ದೆಗಳ ಜಾಹೀರಾತಿನಲ್ಲೂ 35 ಅನ್ನೋ ಸಂಖ್ಯೆ ಕೂತಿರುತ್ತದೆ. ಒಂದು ಪೋಸ್ಟ್‌ಡಾಕ್ ಕೈಕೊಟ್ಟರೆ ಎರಡನೆಯದಕ್ಕೆ ಹೋಗಿ ಸುಧಾರಿಸಿಕೊಳ್ಳುವ ಹೊತ್ತಿಗೆ ಗಡಿ ದಾಟಿರುತ್ತದೆ. ಹೆಣ್ಣುಮಕ್ಕಳಿಗೆ ಇದೇ ವರ್ಷಗಳು ಮದುವೆ, ಬಸಿರು, ಬಾಣಂತನದ ವರ್ಷಗಳು. ನನ್ನ ಜೊತೆ ಪಿಎಚ್‌ಡಿ ಮಾಡಿದ ಐದು ಹೆಂಗಸರಲ್ಲಿ ಇವತ್ತು ಲ್ಯಾಬ್ ಇರುವವಳು ಒಬ್ಬಳು. ಉಳಿದವರಿಗೆ ಬುದ್ಧಿ ಕಡಿಮೆ ಇತ್ತು ಅಂತ ಅವಳೂ ಹೇಳುವುದಿಲ್ಲ.

ವೆಂಕಿ ರಾಮಕೃಷ್ಣನ್ ಅವರ ಕಥೆಯನ್ನು ನಾವು ಒಬ್ಬರಿಗೊಬ್ಬರು ಸಮಾಧಾನಕ್ಕೆ ಹೇಳಿಕೊಳ್ಳುತ್ತಿದ್ದೆವು. ಭೌತವಿಜ್ಞಾನದಲ್ಲಿ ಪಿಎಚ್‌ಡಿ, ಅದು ಬಿಟ್ಟು ಜೀವಶಾಸ್ತ್ರ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ರೈಬೋಸೋಮ್, ಅಂದರೆ ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಯಂತ್ರದ ಮೇಲೆ ಪೋಸ್ಟ್‌ಡಾಕ್. ಆಮೇಲೆ ಸುಮಾರು 50 ಕಡೆ ಅರ್ಜಿ ಹಾಕಿದರೂ ಪ್ರೊಫೆಸರ್ ಕೆಲಸ ಸಿಗಲಿಲ್ಲ. ಅದೇ ರೈಬೋಸೋಮ್ ಹಿಡಿದುಕೊಂಡು 2009ರಲ್ಲಿ ನೊಬೆಲ್. ಕಥೆಯಲ್ಲಿ ನಾವು ಹಿಡಿದುಕೊಳ್ಳುತ್ತಿದ್ದದ್ದು ಕೊನೆಯ ಸಾಲು. ಈಗ ನನಗೆ ಮುಖ್ಯ ಅನಿಸುವುದು ಯೇಲ್ ಬಿಡುವಾಗ ರೈಬೋಸೋಮ್ ಅವರ ಜೊತೆ ಹೋಯಿತು ಅನ್ನೋದು.

ಲ್ಯಾಬ್ ಬಿಟ್ಟವರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾನೂ ಬಿಟ್ಟವಳೇ. ಈ ಊರಿನಲ್ಲಿ ಬಯೋಟೆಕ್ ಕಂಪನಿಗಳಿವೆ, ಪೇಟೆಂಟ್ ಕೆಲಸ ಇದೆ, ಎನ್‌ಸಿಬಿಎಸ್ ಆವರಣದ ಸಿ-ಕ್ಯಾಂಪ್‌ನಲ್ಲಿ ಸ್ಟಾರ್ಟಪ್ ಕಟ್ಟುವವರಿದ್ದಾರೆ. ಆದರೆ ಕಂಪನಿಗೆ ಬರಲು ನನಗೆ ಪೋಸ್ಟ್‌ಡಾಕ್ ಬೇಕಿರಲಿಲ್ಲ. ಪಿಎಚ್‌ಡಿ ಮುಗಿದ ದಿನವೇ ಬಂದಿದ್ದರೆ ಈಗ ಮೂರು ವರ್ಷ ಸೀನಿಯರ್ ಆಗಿರುತ್ತಿದ್ದೆ. ಅದನ್ನು ಆಗ ಯಾರೂ ಹೇಳಲಿಲ್ಲ. ಗೈಡ್‌ಗೆ ಗೊತ್ತಿದ್ದದ್ದು ಗೈಡ್ ಆಗುವ ದಾರಿ ಒಂದೇ. ಇನ್ನೊಂದು ಕಡೆ ನಮ್ಮ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತಿವೆ. ಖಾಯಂ ನೇಮಕಾತಿ ಅನ್ನೋದು ಮಳೆ ಬಂದ ಹಾಗೆ, ಬಂದರೆ ಬಂತು. ಆ ಬಾಗಿಲು ವರ್ಷ ವರ್ಷ ತಪ್ಪದೆ ತೆರೆಯುತ್ತಿದ್ದರೆ, ಪಾಠ ಮಾಡಲು ಇಷ್ಟವಿರುವ ಎಷ್ಟೋ ಜನ ಮೂವತ್ತು ದಾಟಿದ ಮೇಲೂ ಪಿಪೆಟ್ ಹಿಡಿದು ಕಾಯುತ್ತಿರಲಿಲ್ಲ.

ಹೊಸ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ, ಅಂದರೆ ಎಎನ್‌ಆರ್‌ಎಫ್, 2023ರ ಕಾಯಿದೆಯಿಂದ ಬಂತು. ಎಸ್‌ಇಆರ್‌ಬಿ ಅದರೊಳಗೆ ಸೇರಿಹೋಯಿತು. ಐದು ವರ್ಷಕ್ಕೆ 50,000 ಕೋಟಿಯ ಲೆಕ್ಕ ಹೇಳಿದ್ದಾರೆ, ಅದರಲ್ಲಿ ದೊಡ್ಡ ಪಾಲು ಖಾಸಗಿಯವರಿಂದ ಬರಬೇಕು. ಬರಲಿ. ನನ್ನ ಆಸೆ ಚಿಕ್ಕದು. ಪೋಸ್ಟ್‌ಡಾಕ್ ಹಣದಲ್ಲಿ ಒಂದು ಪಾಲು ಗೈಡ್ ಸಹಿ ಇಲ್ಲದೆ ಖರ್ಚು ಮಾಡುವಂತಿರಲಿ. ಅವಧಿ ಎರಡರ ಬದಲು ಮೂರು ವರ್ಷ ಆಗಲಿ, ಕಸ್ಟಮ್ಸ್‌ಗೆ ಒಂದು ವರ್ಷ ಹೋದರೂ ಎರಡು ಉಳಿಯುತ್ತದೆ.

ಹೋದ ತಿಂಗಳು ಹಾಸನದ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಪಿಎಚ್‌ಡಿ ಮುಗಿಸುತ್ತಿದ್ದಾಳೆ. ಇದೇ ಊರಿನ ಒಂದು ನೊಣದ ಲ್ಯಾಬಿನಿಂದ ಪೋಸ್ಟ್‌ಡಾಕ್‌ಗೆ ಕರೆ ಬಂದಿತ್ತು. "ಸೇರ್ಕೊಳ್ಲಾ ಅಕ್ಕಾ?" ಅಂದಳು. ಒಂದೇ ಪ್ರಶ್ನೆ ಮೇಲ್‌ನಲ್ಲಿ ಕೇಳು ಅಂದೆ: ಇಲ್ಲಿಂದ ಹೋಗುವಾಗ ನಾನು ಯಾವ ಕೆಲಸ ಜೊತೆಗೆ ತೆಗೆದುಕೊಂಡು ಹೋಗಬಹುದು?

"ಸೇರೋಕೆ ಮುಂಚೇನೇ ಹೋಗೋ ಮಾತಾ? ತಪ್ಪು ತಿಳ್ಕೊಳ್ಳಲ್ವಾ ಅಕ್ಕಾ?"

"ತಿಳ್ಕೊಂಡ್ರೆ ಅದೇ ಉತ್ತರ."

ಕಳಿಸಿದಳು. ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನ ರಾತ್ರಿ ನನಗೊಂದು ಸ್ಕ್ರೀನ್‌ಶಾಟ್ ಬಂತು. ಪ್ರೊಫೆಸರ್ ಎರಡೇ ಸಾಲು ಬರೆದಿದ್ದರು. ನರಕೋಶಗಳ ಚಟುವಟಿಕೆ ನೋಡುವ ಕ್ಯಾಲ್ಸಿಯಂ ಇಮೇಜಿಂಗ್ ಲ್ಯಾಬಿನ ಕೆಲಸ, ಅದು ಇಲ್ಲೇ ಉಳಿಯುತ್ತದೆ. ನೊಣದ ನಿದ್ದೆಯ ಬಗ್ಗೆ ನೀನು ಕೇಳಿದ ಪ್ರಶ್ನೆ ನಿನ್ನದು, ತೆಗೆದುಕೊಂಡು ಹೋಗು.